ಕಿಡ್ನಿ ಕಲ್ಲು ಹಾಗೇ ಬಿಟ್ಟು ಬರೀ ಸ್ಟೆಂಟ್ ಹಾಕಿ ಕಳ್ಸಿದಾರೆ, ಹೀಗೂ ಮಾಡ್ತಾರಾ?

ಮೂಡಿಗೆರೆ ತೋಟ

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಓದೋರು ಬೇಜಾರ್ ಮಾಡ್ಕೋಬೇಡಿ. ಮೂಡಿಗೆರೆ ಹತ್ರ ಸಣ್ಣ ತೋಟ ನಮ್ದು, ವಯಸ್ಸು ನಲವತ್ತು ದಾಟಿದೆ, ಶುಗರ್ ಬಿಪಿ ಏನೂ ಇಲ್ಲ. ಹೋದ ತಿಂಗ್ಳು ಎಡಗಡೆ ಪಕ್ಕೆಯಿಂದ ಶುರುವಾಗಿ ತೊಡೆಸಂದಿವರೆಗೆ ಎಳೆಯೋ ನೋವು ಬಂತು, ಕೂತ್ರೂ ಆಗಲ್ಲ ಮಲಗಿದ್ರೂ ಆಗಲ್ಲ, ವಾಂತಿ ಬೇರೆ. ಇಲ್ಲೇ ಇಂಜೆಕ್ಷನ್ ಹಾಕಿಸ್ಕೊಂಡು ಆಮೇಲೆ ಹಾಸನಕ್ಕೆ ಹೋಗಿ ಸಿಟಿ ಸ್ಕ್ಯಾನ್ ಮಾಡ್ಸಿದ್ವಿ. ಎಡ ಯುರೇಟರ್ (ಕಿಡ್ನಿಯಿಂದ ಇಳಿಯೋ ಮೂತ್ರನಾಳ) ಮೇಲ್ಭಾಗದಲ್ಲಿ 11 ಎಂಎಂ ಕಲ್ಲು, ಕಿಡ್ನಿ ಸ್ವಲ್ಪ ಊದ್ಕೊಂಡಿದೆ, ಗಟ್ಟಿತನ 1200 ಎಚ್‌ಯು (ಸಿಟಿಲಿ ಅಳೆಯೋ ಲೆಕ್ಕ) ಅಂತ ರಿಪೋರ್ಟು. ಡಾಕ್ಟ್ರು ನೋಡಿ ಇದು ತಾನಾಗೇ ಬೀಳೋ ಸೈಜ್ ಅಲ್ಲ, ಲೇಸರ್‌ನಲ್ಲಿ ಪುಡಿ ಮಾಡೋಣ, ಮಾರ್ನೇ ದಿನ ಮನೆಗೆ ಹೋಗ್ಬೋದು ಅಂದ್ರು. ಸರಿ ಅಂತ ಅಡ್ಮಿಟ್ ಆದೆ.

ಒಟಿಯಿಂದ ಆಚೆ ಬಂದ್ಮೇಲೆ ಮನೆಯವ್ರಿಗೆ ಹೇಳಿದಾರೆ, ಇವ್ರ ಮೂತ್ರನಾಳ ತುಂಬ ಕಿರಿದು, ಸ್ಕೋಪ್ ಮೇಲಕ್ಕೆ ಹತ್ಲಿಲ್ಲ, ಕಲ್ಲು ಮುಟ್ಟಿಲ್ಲ, ಡಿಜೆ ಸ್ಟೆಂಟ್ ಹಾಕಿದೀವಿ, ಮೂರು ವಾರ ಬಿಟ್ಟು ಬನ್ನಿ ಆವಾಗ ಆರ್‌ಐಆರ್‌ಎಸ್ (ಬಗ್ಗೋ ಸ್ಕೋಪಲ್ಲಿ ಒಳಗೆ ಹೋಗಿ ಲೇಸರ್‌ನಲ್ಲಿ ಕಲ್ಲು ಪುಡಿ ಮಾಡೋದು) ಮಾಡ್ತೀವಿ ಅಂತ. ಅಂದ್ರೆ ಕಲ್ಲು ಅಲ್ಲೇ ಇದೆ, ಮೇಲೆ ಒಂದು ಪೈಪು ಸೇರ್ಕೊಂಡಿದೆ, ಬಿಲ್ ಮಾತ್ರ ಕಟ್ಟಿ ಬಂದಿದೀವಿ. ಈಗ ಗಂಟೆಗೊಂದ್ಸಲ ಒಂದಕ್ಕೆ ಓಡ್ಬೇಕು, ರಾತ್ರಿ ನಿದ್ದೆ ಇಲ್ಲ, ಉಚ್ಚೆ ಹುಯ್ಯುವಾಗ ಕೊನೇಲಿ ಎಡ ಸೊಂಟಕ್ಕೆ ಯಾರೋ ಗುದ್ದಿದ ಥರ ನೋವು ಹೋಗುತ್ತೆ, ನಿನ್ನೆ ಜೀಪಲ್ಲಿ ತೋಟದೊಳಗೆ ಒಂದು ರೌಂಡ್ ಹಾಕಿ ಬಂದ್ರೆ ಮೂತ್ರ ಕೆಂಪಗೆ. ಅರೇಬಿಕಾ ಕೊಯ್ಲು ನಡೀತಿದೆ, ಆಳು ಸಿಗೋದೇ ಕಷ್ಟ, ಈ ಟೈಮಲ್ಲಿ ಮಲಗಿರಕ್ಕೂ ಆಗಲ್ಲ.

ನಂಗೆ ಗೊತ್ತಾಗ್ಬೇಕಿರೋದು ಇಷ್ಟು: ಕಲ್ಲು ತೆಗೀದೆ ಸ್ಟೆಂಟ್ ಮಾತ್ರ ಹಾಕೋದು ನಿಜವಾಗ್ಲೂ ಇರೋ ಪದ್ಧತೀನಾ ಇಲ್ಲ ಎರಡು ಸಲ ಬಿಲ್ ಮಾಡೋ ಐಡಿಯಾನಾ? ಈ ರಕ್ತ ನೋವು ಎಲ್ಲ ನಾರ್ಮಲ್ಲಾ? ಬೆಂಗ್ಳೂರಿಗೋ ಮಣಿಪಾಲಕ್ಕೋ ಹೋಗಿ ಬೇರೆ ಕಡೆ ತೋರಿಸ್ಲಾ? ಅನುಭವ ಇರೋರು ದಯವಿಟ್ಟು ಹೇಳಿ.

ಹೇಮಾವತಿ ದಡ

ಸರ್ ಮೊದ್ಲು ಒಂದು ಕೇಳ್ತೀನಿ, ಜ್ವರ ಇದ್ಯಾ? ಚಳಿ ನಡುಕ? ಇಲ್ಲ ಅಂದ್ರೆ ಆರಾಮಾಗಿ ಮುಂದೆ ಓದಿ. ಇದ್ರೆ ಇಲ್ಲಿ ಟೈಪ್ ಮಾಡ್ತಾ ಕೂರ್ಬೇಡಿ, ಈಗ್ಲೇ ಹೊರಡಿ.

ನಂಗೂ ಇದೇ ಕಥೆ ಆಗಿತ್ತು, ಸಕಲೇಶಪುರ ನಮ್ದು. ನನ್ನ ಕೇಸಲ್ಲಿ ನಾಳ ಕಿರಿದು ಅಂತಲ್ಲ, ಒಳಗೆ ಸ್ಕೋಪ್ ಹಾಕ್ದಾಗ ಕಲ್ಲಿನ ಹಿಂದೆ ಕೀವು ಥರ ಮೂತ್ರ ನಿಂತಿತ್ತಂತೆ, ಅದನ್ನ ನೋಡಿದ್ದೇ ಸ್ಟೆಂಟ್ ಬಿಟ್ಟು ಆಚೆ ಬಂದ್ರು. ಇನ್ಫೆಕ್ಷನ್ ಇರುವಾಗ ನೀರು ಪ್ರೆಷರಲ್ಲಿ ಬಿಟ್ಟು ಕಲ್ಲು ಒಡೆಯಕ್ಕೆ ಹೋದ್ರೆ ಆ ಕೀವೆಲ್ಲ ರಕ್ತಕ್ಕೆ ಸೇರಿ ಐಸಿಯು ಸೇರೋ ಪರಿಸ್ಥಿತಿ ಬರ್ಬೋದು ಅಂತ ಆಮೇಲೆ ವಿವರಿಸಿದ್ರು. ನಮ್ಮನೇಲೂ ನಿಮ್ ಥರಾನೇ ರಂಪ, ನಮ್ಮ ಮಾವ ಅಂತೂ ಆಸ್ಪತ್ರೆ ಬಿಲ್ಲಿಂಗ್ ಕೌಂಟರಲ್ಲಿ ಕೂಗಾಡಿದ್ರು. ಆದ್ರೆ ಎರಡ್ನೇ ಸಲ ಹೋದಾಗ ಒಂದು ಗಂಟೆ ಒಳಗೆ ಕೆಲ್ಸ ಮುಗೀತು, ಕಲ್ಲು ಪೂರ್ತಿ ಹೋಯ್ತು.

ಗಂಟೆಗೊಂದ್ಸಲ ಹೋಗೋದು, ಕೊನೆ ಹನಿ ಬರುವಾಗ ಸೊಂಟಕ್ಕೆ ಹೊಡೆಯೋದು, ಓಡಾಡಿದ್ರೆ ಕೆಂಪಾಗೋದು, ಮೂರೂ ನಂಗೂ ಇತ್ತು. ಸ್ಟೆಂಟ್ ತೆಗೆದ ದಿನಾನೇ ಮುಕ್ಕಾಲು ಕಮ್ಮಿ ಆಯ್ತು. ನಾಳ ಸಡಿಲ ಮಾಡೋ ಟ್ಯಾಮ್ಸುಲೋಸಿನ್ ಮಾತ್ರೆ ಕೊಟ್ಟಿರ್ಬೇಕಲ್ಲ? ರಾತ್ರಿ ಊಟ ಆದ್ಮೇಲೆ ತಗೊಳಿ, ಹಾಸಿಗೆಯಿಂದ ದಡಕ್ಕನೆ ಎದ್ದು ನಿಂತ್ರೆ ತಲೆ ಸುತ್ತುತ್ತೆ. ಇನ್ನೊಂದು ಎಫೆಕ್ಟ್ ಇದೆ, ಗಂಡಸ್ರಿಗೆ ಮಾತ್ರ, ವೀರ್ಯ ಸರಿಯಾಗಿ ಆಚೆ ಬರಲ್ಲ, ಅದನ್ನ ಯಾರೂ ಮೊದ್ಲೇ ಹೇಳಲ್ಲ, ಗಾಬರಿ ಬೀಳ್ಬೇಡಿ ಮಾತ್ರೆ ನಿಲ್ಸಿದ್ರೆ ಸರಿ ಹೋಗುತ್ತೆ.

ಬೇಲೂರು ರೋಡ್ 573

ನಾನಂತೂ ನೇರವಾಗಿ ಹೇಳ್ತೀನಿ ಗುರೂ, ಈಗ ಕಲ್ಲು ಅಂತ ಹೋದವ್ರಿಗೆಲ್ಲ ಸ್ಟೆಂಟ್. ನಮ್ಮ ಅಣ್ಣಂಗೆ ಕೆಳಗಡೆ 6 ಎಂಎಂ ಕಲ್ಲು, ಸಲೀಸಾಗಿ ತೆಗೆದ್ರು, ಏನೂ ತೊಂದ್ರೆ ಆಗ್ಲಿಲ್ಲ ಅಂತ ಅವ್ರೇ ಹೇಳಿದ್ರು, ಆದ್ರೂ ಸ್ಟೆಂಟ್ ಹಾಕಿ ಕಳ್ಸಿದ್ರು. ಹಾಕಕ್ಕೊಂದು ಚಾರ್ಜು, ತೆಗಿಯಕ್ಕೊಂದು ಚಾರ್ಜು. ಕೇಳಿದ್ರೆ ಸೇಫ್ಟಿಗೆ ಅಂತಾರೆ. ಯಾರ ಸೇಫ್ಟಿಗೆ? ಸ್ಕೋಪ್ ಹೋಗ್ಲಿಲ್ಲ ಅಂದ್ರೆ ದುಡ್ಡು ಯಾಕೆ ಪೂರ್ತಿ ತಗೋಬೇಕು ಅಂತ ಯಾರಾದ್ರೂ ಕೇಳಿದೀರಾ?

ಒಟಿ ಸಿಸ್ಟರ್

ಹಾಸನದಲ್ಲೇ ಒಂದು ಆಸ್ಪತ್ರೇಲಿ ಯುರಾಲಜಿ ಒಟಿ ಸ್ಟಾಫ್ ನಾನು, ಡಾಕ್ಟರ್ ಅಲ್ಲ. ದಿನಾ ಟೇಬಲ್ ಪಕ್ಕ ನಿಂತು ನೋಡೋದ್ರಿಂದ ಗೊತ್ತಿರೋದನ್ನ ಹೇಳ್ತೀನಿ, ಕೊನೇ ಮಾತು ನಿಮ್ಮ ಡಾಕ್ಟ್ರದ್ದೇ ಇರ್ಲಿ.

ಮೊದ್ಲು ತೋಟದ ಸರ್ ಪ್ರಶ್ನೆ. ಕಲ್ಲು ಮುಟ್ಟದೆ ಸ್ಟೆಂಟ್ ಹಾಕಿ ವಾಪಸ್ ಬರೋದು ಇರೋ ಪದ್ಧತೀನೇ. ಯುರೇಟರ್ ಅಂದ್ರೆ ಕಿಡ್ನಿಯಿಂದ ಮೂತ್ರಚೀಲಕ್ಕೆ ಇಳಿಯೋ ನಾಳ, ಒಂದು 25ರಿಂದ 30 ಸೆಂಟಿಮೀಟರ್ ಉದ್ದ, ಅಗಲ ಬರೀ 3-4 ಎಂಎಂ. ಅದ್ರಲ್ಲೂ ಮೂರು ಕಡೆ ಸಹಜವಾಗೇ ಇಕ್ಕಟ್ಟು: ಕಿಡ್ನಿ ಬಿಡೋ ಜಾಗ, ಮಧ್ಯದಲ್ಲಿ ಕಾಲಿಗೆ ಹೋಗೋ ದೊಡ್ಡ ರಕ್ತನಾಳ ದಾಟೋ ಜಾಗ, ಮತ್ತೆ ಮೂತ್ರಚೀಲದ ಗೋಡೆ ತೂರಿ ಒಳಗೆ ಬರೋ ಜಾಗ. ಕಲ್ಲು ಸಿಕ್ಕಾಕ್ಕೊಳೋದೂ ಸಾಮಾನ್ಯವಾಗಿ ಇಲ್ಲೇ, ಸ್ಕೋಪ್ ನಿಲ್ಲೋದೂ ಇಲ್ಲೇ. ನಮ್ಮ ಸಾಮಾನುಗಳ ಸೈಜೆಲ್ಲ ಫ್ರೆಂಚ್ ಅನ್ನೋ ಲೆಕ್ಕದಲ್ಲಿ, 3 ಫ್ರೆಂಚ್ ಅಂದ್ರೆ 1 ಎಂಎಂ. ಸ್ಟೆಂಟ್ 5-6 ಫ್ರೆಂಚ್, ಅಂದ್ರೆ 2 ಎಂಎಂ ಒಳಗೇ. ಬಗ್ಗೋ ಸ್ಕೋಪ್ 3 ಎಂಎಂ ಹತ್ರ. ಅದ್ರ ಸುತ್ತ ಹಾಕೋ ಶೀತ್, ಅಂದ್ರೆ ಸ್ಕೋಪ್ ಹೋಗೋ ಕೊಳವೆ, 4 ಎಂಎಂ ಮೇಲೆ. ಈಗ ನೀವೇ ಲೆಕ್ಕ ಹಾಕಿ. ಸ್ಟೆಂಟ್ ಹೋಗೋ ನಾಳದಲ್ಲಿ ಶೀತ್ ಹೋಗಲೇಬೇಕು ಅಂತ ಇಲ್ಲ. ಹೋಗದೇ ಇರೋವಾಗ ಕಾಲ್ದಾರಿಲಿ ಲಾರಿ ನುಗ್ಸಿದ ಹಾಗೆ ತಳ್ಳಿದ್ರೆ ನಾಳ ಹರಿಯುತ್ತೆ, ತೀರಾ ಅಪರೂಪಕ್ಕೆ ಕಿತ್ತೇ ಬರುತ್ತೆ, ಹರಿದ ಜಾಗ ಗಾಯ ಮಾಗಿ ಮುಂದೆ ಬಿಗಿದು ಕಿಡ್ನಿಗೇ ಕುತ್ತು. ಅದಕ್ಕೇ ಕೈ ಬಿಗಿ ಅನ್ನಿಸಿದ ತಕ್ಷಣ ತಿಳಿದೋರು ನಿಲ್ಲಿಸ್ತಾರೆ. ನಿಲ್ಲಿಸಿ ವಾಪಸ್ ಬಂದು ಪೇಷಂಟ್ ಕಡೆಯವ್ರ ಕೈಲಿ ಬೈಸ್ಕೊಳೋದು ತಳ್ಳೋದಕ್ಕಿಂತ ಕಷ್ಟ, ಅದನ್ನ ನಾನು ಕಣ್ಣಾರೆ ನೋಡಿದೀನಿ.

ಸ್ಟೆಂಟ್ ಒಳಗಿದ್ರೆ ಎರಡು ಕೆಲ್ಸ ಮಾಡುತ್ತೆ. ಒಂದು, ಕಲ್ಲಿನ ಪಕ್ಕದಲ್ಲೇ ಮೂತ್ರ ಇಳಿಯಕ್ಕೆ ದಾರಿ ಮಾಡುತ್ತೆ, ಊದಿದ್ದ ಕಿಡ್ನಿ ಇಳಿಯುತ್ತೆ, ನಿಮ್ಮ ಆ ಮೊದಲಿನ ಭಯಂಕರ ನೋವು ಈಗ ಬಂದಿಲ್ಲ ಅಲ್ವಾ, ಅದೇ ಕಾರಣ. ಎರಡು, ಒಂದೆರಡು ವಾರದಲ್ಲಿ ನಾಳ ತಾನಾಗೇ ಸಡಿಲ ಆಗಿ ಅಗಲ ಆಗುತ್ತೆ. ಮುಂದಿನ ಸಲ ಅದೇ ಶೀತ್ ಸಾಮಾನ್ಯವಾಗಿ ಸಲೀಸಾಗಿ ಹತ್ತುತ್ತೆ.

ಡಿಜೆ ಅಂದ್ರೆ ಡಬಲ್ ಜೆ, ಎರಡೂ ತುದಿ ಸುರುಳಿ ಸುತ್ಕೊಂಡಿರುತ್ತೆ, ಮೇಲಿನ ಸುರುಳಿ ಕಿಡ್ನಿಲಿ ಕೆಳಗಿನದು ಮೂತ್ರಚೀಲದಲ್ಲಿ. ಜಾರಿ ಹೋಗದೇ ಇರ್ಲಿ ಅಂತ ಆ ಸುರುಳಿ. ಈ ಡಿಸೈನು 1978ರಿಂದ ಇದೆ, ಅದಕ್ಕೂ ಮುಂಚೆ ಹಾಕ್ತಿದ್ದ ನೇರ ಟ್ಯೂಬ್‌ಗಳು ಜಾರಿ ಆಚೆ ಬರ್ತಿದ್ವು ಇಲ್ಲ ಮೇಲಕ್ಕೆ ಹೋಗ್ತಿದ್ವು. ಎಕ್ಸ್‌ರೇ ತೆಗ್ಸಿದ್ರೆ ಬಿಳೀ ದಾರ ಥರ ಕಾಣುತ್ತೆ, ಕೇಳಿ ನೋಡಿ ತೋರಿಸ್ತಾರೆ. ನಿಮ್ಮ ತೊಂದ್ರೆಗೆಲ್ಲ ಕಾರಣಾನೂ ಅದೇ ಸುರುಳಿ. ಕೆಳಗಿನದು ಮೂತ್ರಚೀಲದ ತಳಕ್ಕೆ ತಾಗ್ತಾ ಇರುತ್ತೆ, ಆ ಜಾಗ ತುಂಬ ಸೂಕ್ಷ್ಮ, ಚೀಲ ಖಾಲಿ ಇದ್ರೂ ತುಂಬಿದೆ ಅನ್ನೋ ಸಿಗ್ನಲ್ ಹೋಗ್ತಾನೇ ಇರುತ್ತೆ. ಸೊಂಟಕ್ಕೆ ಗುದ್ದಿದ ಹಾಗೆ ಆಗೋದು ಯಾಕಂದ್ರೆ, ಮಾಮೂಲಿಯಾಗಿ ಮೂತ್ರ ಹುಯ್ಯುವಾಗ ವಾಪಸ್ ಮೇಲೆ ಹೋಗದ ಹಾಗೆ ಅಲ್ಲೊಂದು ಬಾಗಿಲು ಇರುತ್ತೆ, ಸ್ಟೆಂಟ್ ಅದನ್ನ ತೆರೆದೇ ಇಟ್ಟಿರುತ್ತೆ, ನೀವು ಮುಕ್ಕಿದಾಗ ಸ್ವಲ್ಪ ಮೂತ್ರ ಕಿಡ್ನಿವರೆಗೂ ಹಿಂದಕ್ಕೆ ಹೋಗುತ್ತೆ. ಅದಕ್ಕೆ ಕಟ್ಕೊಂಡು ಕೂರ್ಬೇಡಿ, ಮುಕ್ಕಿ ಹುಯ್ಯಬೇಡಿ, ನಿಧಾನಕ್ಕೆ ಬಿಡಿ. ಟ್ಯಾಮ್ಸುಲೋಸಿನ್ ಸಾಕಾಗ್ಲಿಲ್ಲ ಅಂದ್ರೆ ಜೊತೇಲಿ ಮೂತ್ರಚೀಲ ಶಾಂತ ಮಾಡೋ ಸಾಲಿಫೆನಾಸಿನ್ ಇಲ್ಲ ಮಿರಾಬೆಗ್ರಾನ್ ಕೊಡ್ತಾರೆ, ಫೋನ್ ಮಾಡಿ ಕೇಳಿ, ಸುಮ್ನೆ ಸಹಿಸ್ಕೊಂಡು ಕೂರೋ ಅಗತ್ಯ ಇಲ್ಲ. ಮೆಡಿಕಲ್‌ನಿಂದ ನೀವೇ ನೋವಿನ ಮಾತ್ರೆ ಡೈಕ್ಲೋಫೆನಾಕ್ ತಂದು ದಿನಾ ನುಂಗೋದು ಬೇಡ, ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲ್ಸ ಮಾಡ್ತಿದೆ ಅಂತ ತೋರ್ಸೋ ರಕ್ತ ಪರೀಕ್ಷೆ) ಎಷ್ಟಿದೆ ನೋಡದೆ ಅದು ಒಳ್ಳೇದಲ್ಲ. ಉರಿಗೆ ಅಂತ ಫೆನಜೋಪಿರಿಡಿನ್ ಕೊಟ್ಟಿದ್ರೆ ಮೂತ್ರ ಕಿತ್ತಳೆ ಬಣ್ಣ ಆಗುತ್ತೆ, ಅದನ್ನ ರಕ್ತ ಅಂತ ತಿಳ್ಕೊಂಡು ರಾತ್ರಿ ಹನ್ನೊಂದಕ್ಕೆ ಕ್ಯಾಶುಯಾಲ್ಟಿಗೆ ಓಡಿ ಬಂದೋರಿದಾರೆ.

ಜೀಪಲ್ಲಿ ಹೋದ್ರೆ ಕೆಂಪಾಗುತ್ತೆ, ತೋಟದ ರಸ್ತೆ ಹೇಗಿರುತ್ತೆ ಗೊತ್ತಲ್ಲ. ನೀರು ಕುಡ್ದು ಅರ್ಧ ದಿನ ಸುಮ್ನಿದ್ರೆ ತಿಳಿಯಾಗ್ಬೇಕು. ತಿಳಿಯಾಗ್ದೆ ಗಟ್ಟಿ ರಕ್ತ ಆಗ್ತಾ ಹೋದ್ರೆ, ಗೆಡ್ಡೆ ಗೆಡ್ಡೆ ಬಂದ್ರೆ, ಮೂತ್ರ ಕಟ್ಕೊಂಡ್ರೆ, 101 ಮೇಲೆ ಜ್ವರ ಬಂದ್ರೆ, ಚಳಿ ನಡುಕ ಬಂದ್ರೆ, ವಾಂತಿ ನಿಲ್ಲದೇ ಇದ್ರೆ ಅವತ್ತೇ ಬರ್ಬೇಕು, ಬೆಳಿಗ್ಗೆ ನೋಡೋಣ ಅನ್ಬಾರ್ದು.

ಬೇಲೂರು ರೋಡ್ ಅಣ್ಣ ಕೇಳಿದ್ದಕ್ಕೆ. ನಿಮ್ಮ ಮಾತಲ್ಲಿ ಅರ್ಧ ನ್ಯಾಯ ಇದೆ, ಒಪ್ಕೋತೀನಿ. ಸಲೀಸಾಗಿ ಆದ ಸಣ್ಣ ಕಲ್ಲಿನ ಕೇಸಲ್ಲಿ ಸ್ಟೆಂಟ್ ಹಾಕಲೇಬೇಕು ಅಂತ ಇಲ್ಲ, ಅಮೆರಿಕ ಯುರೋಪ್ ಯುರಾಲಜಿ ಗೈಡ್‌ಲೈನ್‌ಗಳೂ ಹಾಗೇ ಹೇಳೋದು. ಆದ್ರೆ ನಾಳಕ್ಕೆ ಗಾಯ ಆಗಿದ್ರೆ, ಊತ ಇದ್ರೆ, ಚೂರು ಉಳಿದಿದ್ರೆ, ಇನ್ಫೆಕ್ಷನ್ ಇದ್ರೆ, ಒಂದೇ ಕಿಡ್ನಿ ಇದ್ರೆ, ಬಸುರಿ ಆಗಿದ್ರೆ ಹಾಕ್ತಾರೆ. ನಿಮ್ಮ ಅಣ್ಣಂಗೆ ಯಾಕೆ ಹಾಕಿದ್ರು ಅನ್ನೋದು ಡಿಸ್ಚಾರ್ಜ್ ಸಮರಿಲಿ ಬರೆದಿರುತ್ತೆ, ಇಲ್ಲ ಅಂದ್ರೆ ಕೇಳೋ ಹಕ್ಕಿದೆ. ಈ ಸರ್ ಕೇಸ್ ಆ ಥರದ್ದಲ್ಲ, 11 ಎಂಎಂ ಕಲ್ಲು ಮೇಲಿದೆ, ಕಿಡ್ನಿ ಊದಿದೆ, ದಾರಿ ಕಿರಿದು. ಸ್ಟೆಂಟ್ ಇಲ್ದೆ ಮನೆಗೆ ಕಳ್ಸಿದ್ರೆ ಅದು ತಪ್ಪು.

ಬಿಲ್ ವಿಷ್ಯ ನನ್ ಕೈಲಿಲ್ಲ.

ಮೂಡಿಗೆರೆ ತೋಟ

ಸಿಸ್ಟರ್ ತುಂಬಾ ಥ್ಯಾಂಕ್ಸ್, ಇಷ್ಟನ್ನ ಯಾರೂ ನಂಗೆ ಕೂರಿಸ್ಕೊಂಡು ಹೇಳಿರ್ಲಿಲ್ಲ. ಜ್ವರ ಇಲ್ಲ. ನೀರು ಕುಡ್ದು ಮಲಗಿದ್ಮೇಲೆ ತಿಳಿಯಾಯ್ತು. ಒಂದು ಡೌಟು, ಕಲ್ಲು ಅಲ್ಲೇ ಇದೆಯಲ್ಲ, ಶಾಕ್ ಕೊಟ್ಟು ಆಚೆಯಿಂದಾನೇ ಒಡೀತಾರಂತಲ್ಲ ಅದು ಆಗಲ್ವಾ? ನಮ್ಮ ಪಕ್ಕದ ತೋಟದವ್ರು ಅದನ್ನೇ ಮಾಡ್ಸಿದ್ದು, ಹೊಟ್ಟೆ ಒಳಗೆ ಏನೂ ತೂರ್ಸಿಲ್ಲ. ಇನ್ನೊಂದು, ಎರಡ್ನೇ ಸಲ ಆದ್ಮೇಲೂ ಮತ್ತೆ ಸ್ಟೆಂಟ್ ಇರುತ್ತಾ?

ಒಟಿ ಸಿಸ್ಟರ್

ಶಾಕ್‌ವೇವ್ 1980ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಶುರುವಾಗಿದ್ದು, ಈಗ್ಲೂ ಒಳ್ಳೇ ಚಿಕಿತ್ಸೇನೇ. ಆದ್ರೆ ಕಲ್ಲು 1000 ಎಚ್‌ಯು ದಾಟಿದ್ರೆ ಒಡೆಯೋದು ಕಷ್ಟ, ನಿಮ್ದು 1200. ಒಡೆದ್ರೂ ಚೂರುಗಳು ತಾವಾಗೇ ಇಳೀಬೇಕು, ನಿಮ್ಮ ದಾರಿ ಕಿರಿದು. ಅದಕ್ಕೇ ಆರ್‌ಐಆರ್‌ಎಸ್ ಅಂದಿರ್ಬೇಕು. ಅದ್ರಲ್ಲಿ ಕಲ್ಲು ಮೇಲಕ್ಕೆ ಕಿಡ್ನಿ ಒಳಗೆ ಜಾರಿದ್ರೂ ಸ್ಕೋಪ್ ಬಗ್ಗಿಸ್ಕೊಂಡು ಹೋಗಿ ಲೇಸರ್‌ನಲ್ಲಿ ಧೂಳು ಮಾಡ್ಬೋದು. 2 ಸೆಂಟಿಮೀಟರ್ ದಾಟಿದ ಕಿಡ್ನಿ ಕಲ್ಲಾದ್ರೆ ಬೆನ್ನಿಂದ ಸಣ್ಣ ತೂತು ಮಾಡಿ ತೆಗೆಯೋ ಪಿಸಿಎನ್ಎಲ್, ನಿಮ್ಗೆ ಅದು ಬೇಕಾಗಲ್ಲ.

ಆಮೇಲೂ ಸ್ಟೆಂಟ್ ಇರೋ ಸಾಧ್ಯತೆ ಜಾಸ್ತಿ, ಆದ್ರೆ ಸಾಮಾನ್ಯವಾಗಿ ಕೆಲವೇ ದಿನ ಇಲ್ಲ ಒಂದೆರಡು ವಾರ. ಕೆಲವು ಡಾಕ್ಟ್ರು ತುದಿಗೆ ದಾರ ಕಟ್ಟಿ ಬಿಡ್ತಾರೆ, ಆಗ ತೆಗೆಯಕ್ಕೆ ಸ್ಕೋಪೇ ಬೇಡ, ದಾರ ಎಳೆದ್ರೆ ಬರುತ್ತೆ. ಎಲ್ರಿಗೂ ಆಗಲ್ಲ, ಕೇಳಿ ನೋಡಿ.

ತೆಂಗಿನ ತೋಪು ಅರಸೀಕೆರೆ

ಯಾರೂ ಹೇಳದೇ ಇರೋ ಒಂದು ಮಾತು ನಾನು ಹೇಳ್ತೀನಿ. ಸ್ಟೆಂಟ್ ಹಾಕ್ಸಿದೋರು ತೆಗೆಸೋ ತಾರೀಖು ಬರೆದಿಟ್ಕೊಳಿ ಸ್ವಾಮಿ, ಅದೂ ನಿಮ್ ಮೊಬೈಲಲ್ಲಿ ಮಾತ್ರ ಅಲ್ಲ, ಮನೇಲಿ ಗೋಡೆ ಮೇಲಿರೋ ಕ್ಯಾಲೆಂಡರಲ್ಲಿ.

ನಮ್ಮ ಚಿಕ್ಕಪ್ಪಂಗೆ ಬೇರೆ ಜಿಲ್ಲೇಲಿ ಒಂದು ಕಡೆ ಕಲ್ಲು ತೆಗ್ಸಿ ಸ್ಟೆಂಟ್ ಹಾಕಿದ್ರು. ಡಿಸ್ಚಾರ್ಜ್ ಪೇಪರಲ್ಲಿ ಸ್ಟೆಂಟ್ ಒಳಗಿದೆ ಅಂತ ಒಂದು ಸಾಲು ಇಂಗ್ಲಿಷಲ್ಲಿ ಇತ್ತು, ಬಾಯಲ್ಲಿ ಯಾರೂ ಸರಿಯಾಗಿ ಹೇಳ್ಲಿಲ್ಲ, ಹೇಳಿದ್ರೂ ಇವ್ರಿಗೆ ಅರ್ಥ ಆಗಿಲ್ಲ. ಮೊದಮೊದಲು ಉರಿ ಇತ್ತು, ಆಮೇಲೆ ಅಭ್ಯಾಸ ಆಯ್ತು, ಸರಿ ಹೋಯ್ತು ಅಂದ್ಕೊಂಡು ತೆಂಗು ಕೊಬ್ರಿ ಅಂತ ಓಡಾಡ್ಕೊಂಡಿದ್ರು. ವರ್ಷ ಕಳೆದ್ಮೇಲೆ ಮತ್ತೆ ಜ್ವರ, ನೋವು. ಎಕ್ಸ್‌ರೇಲಿ ನೋಡಿದ್ರೆ ಸ್ಟೆಂಟ್ ಎರಡೂ ತುದಿಗೆ ಕಲ್ಲು ಮೆತ್ಕೊಂಡು ಉಂಡೆ ಆಗಿದೆ, ಕೆಳಗಿನದು ನಿಂಬೆಹಣ್ಣಿನಷ್ಟು. ಕಲ್ಲು ತೆಗೆಯಕ್ಕೆ ಅಂತ ಹಾಕಿದ್ದೇ ಕಲ್ಲಾಗಿ ಕೂತಿತ್ತು. ಎಳೆದ್ರೆ ಬರಲ್ಲ, ಎಳೆಯಂಗೂ ಇಲ್ಲ. ಕೆಳಗಿಂದ ಒಂದ್ಸಲ ಒಡೆದು, ಬೆನ್ನಿಂದ ಇನ್ನೊಂದ್ಸಲ ಒಡೆದು, ಸ್ಟೆಂಟ್ ಚೂರು ಚೂರಾಗಿ ಬಂತು. ಆ ಕಿಡ್ನಿ ಶಕ್ತಿ ಎಷ್ಟೋ ಕಮ್ಮಿ ಆಗಿದೆ ಅಂತ ಸ್ಕ್ಯಾನಲ್ಲಿ ಹೇಳಿದ್ರು.

ಅಲ್ಲಿನ ಡಾಕ್ಟ್ರು ಹೇಳಿದ್ದು, ಸಾಮಾನ್ಯ ಸ್ಟೆಂಟ್ ಮೂರು ತಿಂಗ್ಳು ದಾಟಿಸ್ಬಾರ್ದು, ಕಲ್ಲು ಆಗೋ ಮೈಯವ್ರಿಗೆ ಅದಕ್ಕೂ ಮುಂಚೇನೇ ಪಾಚಿ ಕಟ್ಟಕ್ಕೆ ಶುರು ಆಗುತ್ತೆ ಅಂತ. ನೋವು ಇಲ್ಲ ಅಂತ ಬಿಡ್ಬೇಡಿ. ಕೊಯ್ಲು ಮುಗೀಲಿ, ಮದ್ವೆ ಮುಗೀಲಿ, ಜಾತ್ರೆ ಮುಗೀಲಿ ಅಂತ ಮುಂದಕ್ಕೆ ಹಾಕೋರು ನಮ್ ಕಡೆ ಜಾಸ್ತಿ, ಅದ್ಕೆ ಹೇಳ್ತಿರೋದು.

ಕಾಡುಬಸಳೆ

ಆಪರೇಷನ್ ಎಲ್ಲ ಯಾಕೆ ಸಾರ್, ಕಾಡುಬಸಳೆ ಎಲೆ ಕಾಳುಮೆಣಸಿನ ಜೊತೆ ಬೆಳಿಗ್ಗೆ ಖಾಲಿ ಹೊಟ್ಟೇಲಿ ತಿನ್ನಿ, ಹುರುಳಿ ಕಟ್ಟು ಕುಡೀರಿ, ವಾರಕ್ಕೆರಡು ಸಲ ಬಾಳೆದಿಂಡಿನ ಪಲ್ಯ. ನಮ್ಮಜ್ಜಿ ಎಷ್ಟೋ ಜನಕ್ಕೆ ಕಲ್ಲು ಕರಗ್ಸಿದಾರೆ. ಮತ್ತೆ ಕಾಫಿ ಪೂರ್ತಿ ಬಿಡಿ, ಹಾಲು ಬಿಡಿ, ಟೊಮ್ಯಾಟೊ ಬೀಜ ಮುಟ್ಬೇಡಿ.

ಹೇಮಾವತಿ ದಡ

ಬಾಳೆದಿಂಡು ಹುರುಳಿ ಸಾರು ಊಟಕ್ಕೆ ನಂಗೂ ಇಷ್ಟ, ತಿನ್ನಿ ಯಾರು ಬೇಡ ಅಂದ್ರು. ಆದ್ರೆ ಅಜ್ಜಿ ಕೈಲಿ ಹೋಗಿದ್ದು 4-5 ಎಂಎಂ ಕಲ್ಲುಗಳು ಇರ್ಬೋದು, ಅವು ಬಹುಪಾಲು ಬರೀ ನೀರು ಕುಡಿದ್ರೂ ಹೋಗ್ತವೆ. 11 ಎಂಎಂ ಕಲ್ಲು ದಾರಿ ಕಟ್ಟಿ ಕೂತಿರುವಾಗ ಎಲೆ ತಿನ್ಕೊಂಡು ಕಾದ್ರೆ ಕಿಡ್ನಿ ಕಾಯಲ್ಲ. ಕರಗೋ ಕಲ್ಲು ಇಲ್ವೇ ಇಲ್ಲ ಅಂತಲ್ಲ, ಯೂರಿಕ್ ಆಸಿಡ್ ಕಲ್ಲು ಪೊಟ್ಯಾಸಿಯಂ ಸಿಟ್ರೇಟ್ ಕೊಟ್ಟು ಕರಗಿಸ್ತಾರೆ, ಅದು ಸಿಟಿಲಿ ಮೆತ್ತಗೆ ಕಾಣುತ್ತೆ. 1200 ಇರೋದು ಹೆಚ್ಚಾಗಿ ಕ್ಯಾಲ್ಸಿಯಂ ಆಕ್ಸಲೇಟ್, ಅದು ಕರಗಲ್ಲ.

ಹಾಲು ಬಿಡಿ ಅನ್ನೋದಂತೂ ಉಲ್ಟಾ. ಊಟದ ಜೊತೆ ಹೋಗೋ ಕ್ಯಾಲ್ಸಿಯಂ ಹೊಟ್ಟೇಲೇ ಆಕ್ಸಲೇಟನ್ನ ಹಿಡ್ಕೊಂಡು ಆಚೆ ಹಾಕುತ್ತೆ, ಹಾಲು ಮೊಸ್ರು ಬಿಟ್ರೆ ಮೂತ್ರಕ್ಕೆ ಆಕ್ಸಲೇಟ್ ಜಾಸ್ತಿ ಬರುತ್ತೆ. ಬಿಡ್ಬೇಕಾಗಿರೋದು ಉಪ್ಪು. ಉಪ್ಪಿನಕಾಯಿ, ಹಪ್ಪಳ, ಒಣಮೀನು. ಕಾಫಿ ವಿಷ್ಯಾನೂ ಅಷ್ಟೇ, ಕಾಫಿ ಕುಡಿಯೋರಲ್ಲಿ ಕಲ್ಲು ಕಮ್ಮಿ ಅಂತಾನೇ ದೊಡ್ಡ ಅಧ್ಯಯನಗಳಲ್ಲಿ ಬಂದಿರೋದು, ಚಿಕ್ಕಮಗಳೂರು ಜಿಲ್ಲೇಲಿ ಕೂತು ಕಾಫಿ ಬಿಡಿ ಅಂತ ಹೇಳಕ್ಕೆ ಧೈರ್ಯ ಬೇಕು ಮಾರಾಯ್ರೆ. ಹಾ, ಸ್ಟೆಂಟ್ ಇರೋವರೆಗೆ ಕಮ್ಮಿ ಮಾಡಿ, ಕೆಫೀನ್ ಮೂತ್ರಚೀಲಕ್ಕೆ ಕೆರಳಿಸುತ್ತೆ, ಓಡಾಟ ಇನ್ನೂ ಜಾಸ್ತಿ ಆಗುತ್ತೆ.

ಇನ್ನು ಬೋರ್‌ವೆಲ್ ಗಡಸು ನೀರಿಂದ ಕಲ್ಲು ಅಂತ ಕಡೂರು ಅರಸೀಕೆರೆ ಕಡೆಯವ್ರು ಹೇಳ್ತಾರೆ. ಹಾಗಾದ್ರೆ ಅಬ್ಬಿ ನೀರು ಕುಡಿಯೋ ನಮ್ಗೆ ಯಾಕೆ ಬರ್ಬೇಕಿತ್ತು? ಅವ್ರಿಗೆ ಬಿಸಿಲಲ್ಲಿ ಬೆವರಿ ನೀರು ಸಾಲಲ್ಲ, ನಮ್ಗೆ ಆರು ತಿಂಗ್ಳು ಮಳೆ ಚಳಿ, ಬಾಯಾರಿಕೇನೇ ಆಗಲ್ಲ, ಮಧ್ಯಾಹ್ನದವರೆಗೆ ಎರಡು ಲೋಟ ಕಾಫಿಲೇ ಇರ್ತೀವಿ. ಲೆಕ್ಕ ಎಷ್ಟು ಕುಡಿದ್ರಿ ಅಂತ ಅಲ್ಲ, ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಮೂತ್ರ ಆಚೆ ಬರ್ಬೇಕು. ಬಣ್ಣ ನೋಡಿದ್ರೆ ಗೊತ್ತಾಗುತ್ತೆ. ನಿಂಬೆ ಶರಬತ್ತು ಸಕ್ಕರೆ ಉಪ್ಪು ಕಮ್ಮಿ ಹಾಕಿ ಕುಡೀರಿ, ಅದ್ರಲ್ಲಿರೋ ಸಿಟ್ರೇಟ್ ಒಳ್ಳೇದು.

ಹೊಳೆನರಸೀಪುರ ಹುಡ್ಗಿ

ಎಲ್ಲಾ ಹೇಳಿದ್ರಿ, ಸ್ಟೆಂಟ್ ತೆಗೆಯುವಾಗ ಎಷ್ಟು ನೋವು ಅಂತ ಯಾರೂ ಹೇಳ್ಲಿಲ್ಲ. ನಂದು ಮುಂದಿನ ವಾರ ಇದೆ, ಅರಿವಳಿಕೆ ಕೊಡಲ್ವಂತೆ. ಯೂಟ್ಯೂಬಲ್ಲಿ ನೋಡಿ ಹೆದ್ರಿಕೊಂಡಿದೀನಿ.

ಹೇಮಾವತಿ ದಡ

ಯೂಟ್ಯೂಬ್ ನೋಡ್ಬೇಡಿ ಮೊದ್ಲು. ಪೂರ್ತಿ ಅರಿವಳಿಕೆ ಇಲ್ಲ, ಮರಗಟ್ಟಿಸೋ ಜೆಲ್ ಬಿಡ್ತಾರೆ, ತಣ್ಣಗೆ ಇರುತ್ತೆ, ಐದ್ಹತ್ತು ನಿಮಿಷ ಹಾಗೇ ಮಲಗಿಸ್ತಾರೆ. ಆ ಕಾಯೋ ಹೊತ್ತೇ ದೊಡ್ಡದು, ಸೀಲಿಂಗ್ ನೋಡ್ಕೊಂಡು. ಆಮೇಲೆ ಸ್ಕೋಪ್ ಒಳಗೆ ಹೋಗುವಾಗ ಉರಿ, ನೀರು ಬಿಡೋದ್ರಿಂದ ಜೋರಾಗಿ ಒಂದಕ್ಕೆ ಬಂದ ಹಾಗೆ. ನಾನು ಪಕ್ಕದ ಸ್ಕ್ರೀನ್ ನೋಡ್ತಿದ್ದೆ, ಗುಲಾಬಿ ಬಣ್ಣದ ಗೋಡೆ, ಅಲ್ಲಿ ನೀಲಿ ಸುರುಳಿ ನೀರಲ್ಲಿ ಆಡ್ತಾ ಇತ್ತು, ಒಂದು ಪುಟ್ಟ ಇಕ್ಕಳ ಬಂದು ಅದ್ರ ತುದಿ ಕಚ್ಚಿಕೊಳ್ತು, ಡಾಕ್ಟ್ರು ಉಸ್ರು ಬಿಡಿ ಅಂದ್ರು, ಬಿಡೋ ಅಷ್ಟ್ರಲ್ಲಿ ಪಕ್ಕೆಯಿಂದ ಏನೋ ಸರ್ರಂತ ಜಾರಿದ ಹಾಗಾಯ್ತು, ಮುಗೀತು. ಟ್ರೇಲಿ ಹಾಕಿ ತೋರಿಸಿದ್ರು, ಗೇಣಿಗಿಂತ ಉದ್ದ ಇತ್ತು, ಇಷ್ಟುದ್ದ ನನ್ನೊಳಗಿತ್ತಾ ಅನ್ನಿಸ್ತು. ಗಂಡಸ್ರಿಗಿಂತ ಹೆಂಗಸ್ರಿಗೆ ಸುಲಭ, ದಾರಿ ಚಿಕ್ಕದು. ಅವತ್ತು ರಾತ್ರಿ ಒಂದ್ಸಲ ಪಕ್ಕೆ ಹಿಡ್ಕೊಂಡ ಹಾಗಾಗ್ಬೋದು, ಮಾತ್ರೆ ಕೇಳಿ ಇಟ್ಕೊಳಿ. ತಲೆಗೆ ಹಚ್ಕೋಬೇಡಿ.

ಬೇಲೂರು ರೋಡ್ 573

ಸಿಸ್ಟರ್ ಹೇಳಿದ್ದು ಓದಿದೆ, ಈ ಕೇಸಲ್ಲಿ ಸರಿ ಇರ್ಬೋದು. ನಮ್ಮಣ್ಣನ ಪೇಪರ್ ತೆಗೆದು ನೋಡ್ದೆ, ಯಾಕೆ ಹಾಕಿದ್ರು ಅಂತ ಒಂದಕ್ಷರ ಇಲ್ಲ. ಅದನ್ನ ಮಾತ್ರ ನಾನು ಬಿಡಲ್ಲ, ಹೋಗಿ ಕೇಳ್ತೀನಿ.

ಮೂಡಿಗೆರೆ ಅವ್ರಿಗೆ ದುಡ್ಡಿನ ವಿಷ್ಯ ನಾನು ಹೇಳ್ತೀನಿ. ಎರಡ್ನೇ ಸಲಕ್ಕೆ ಅಡ್ಮಿಟ್ ಆಗೋ ಮುಂಚೆ ಎಸ್ಟಿಮೇಟ್ ಕಾಗದದಲ್ಲಿ ಬರೆಸ್ಕೊಳಿ, ಲೇಸರ್, ಶೀತ್, ಸ್ಟೆಂಟ್, ಆಮೇಲೆ ಸ್ಟೆಂಟ್ ತೆಗೆಯೋದು ಎಲ್ಲ ಸೇರಿನಾ ಬಿಟ್ಟಾ ಅಂತ. ಮೊದಲ ಸಲ ಅರ್ಧಕ್ಕೆ ನಿಂತಿದ್ದಕ್ಕೆ ಏನಾದ್ರೂ ಕಮ್ಮಿ ಮಾಡ್ತೀರಾ ಅಂತ ನೇರ ಕೇಳಿ, ಕೇಳಿದವ್ರಿಗೆ ಮಾಡಿರೋದು ನೋಡಿದೀನಿ. ಇನ್ಶೂರೆನ್ಸ್ ಇದ್ರೆ ಎರಡ್ನೇದಕ್ಕೂ ಮೊದ್ಲೇ ಅಪ್ರೂವಲ್ ತಗೊಳಿ. ಬಿಪಿಎಲ್ ಕಾರ್ಡ್ ಇದ್ರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಎಪಿಎಲ್ ಆದ್ರೆ ಪ್ಯಾಕೇಜ್ ದರದ ಶೇಕಡ 30 ಸರ್ಕಾರ ಕೊಡುತ್ತೆ, ವರ್ಷಕ್ಕೆ ಒಂದೂವರೆ ಲಕ್ಷ ಮಿತಿ. ಹಾಸನದ ಸರ್ಕಾರಿ ಆಸ್ಪತ್ರೆ ಹಿಮ್ಸ್‌ನಲ್ಲೋ ಚಿಕ್ಕಮಗಳೂರು ಜಿಲ್ಲಾಸ್ಪತ್ರೇಲೋ ಆಯುಷ್ಮಾನ್ ಕೌಂಟರಲ್ಲಿ ವಿಚಾರಿಸಿ, ಅಲ್ಲಿಂದ ರೆಫರಲ್ ಬೇಕಾಗುತ್ತೆ. ಸಹಕಾರ ಸಂಘದ ಸದಸ್ಯರಾಗಿದ್ರೆ ಯಶಸ್ವಿನಿ ಕಾರ್ಡ್ ಮಾಡ್ಸಿದೀರಾ ನೋಡಿ. ಬೆಂಗ್ಳೂರಿಗೇ ಹೋಗ್ಬೇಕು ಅಂದ್ರೆ ವಿಕ್ಟೋರಿಯಾ ಆವರಣದಲ್ಲಿರೋ ನೆಫ್ರೋ ಯುರಾಲಜಿ ಸಂಸ್ಥೆ ಸರ್ಕಾರದ್ದೇ.

ಮೂಡಿಗೆರೆ ತೋಟ

ಎಲ್ರಿಗೂ ಥ್ಯಾಂಕ್ಸ್. ಬೆಂಗ್ಳೂರು ಸದ್ಯಕ್ಕೆ ಬಿಟ್ಟೆ, ಇಲ್ಲೇ ಮಾಡಿಸ್ತೀನಿ. ಇವತ್ತು ಫೋನ್ ಮಾಡಿ ಮಿರಾಬೆಗ್ರಾನ್ ಕೇಳ್ದೆ, ವಾಟ್ಸಾಪಲ್ಲಿ ಚೀಟಿ ಕಳ್ಸಿದ್ರು. ಎಸ್ಟಿಮೇಟೂ ಬರೆದು ಕೊಡ್ತೀವಿ ಅಂದಿದಾರೆ. ದಾರ ಇರೋ ಸ್ಟೆಂಟ್ ಬಗ್ಗೆ ಕೇಳಿದ್ರೆ ಒಳಗೆ ನೋಡಿ ಹೇಳ್ತೀನಿ ಅಂದ್ರು ಡಾಕ್ಟ್ರು. ಜೀಪ್ ಕೀ ಮನೆಯವ್ಳು ಬಚ್ಚಿಟ್ಟಿದಾಳೆ, ಕೊಯ್ಲು ಮೇಸ್ತ್ರಿ ನೋಡ್ಕೊತಾನೆ. ತೆಗೆದ ಕಲ್ಲಿನ ಚೂರು ಟೆಸ್ಟಿಗೆ ಕಳಿಸ್ಬೇಕಂತೆ, ಅದು ಹಾಸನದಲ್ಲೇ ಆಗುತ್ತಾ ಬೆಂಗ್ಳೂರಿಗೆ ಹೋಗ್ಬೇಕಾ ಸಿಸ್ಟರ್?

ಒಟಿ ಸಿಸ್ಟರ್

ನೀವು ಎಲ್ಲೂ ಹೋಗ್ಬೇಕಿಲ್ಲ, ಲ್ಯಾಬ್‌ನವ್ರೇ ಕಳಿಸ್ತಾರೆ. ಆದ್ರೆ ಪುಡಿ ಎತ್ತಿಡಿ ಅಂತ ಒಟಿಗೆ ಹೋಗೋ ಮುಂಚೇನೇ ಹೇಳ್ಬೇಕು, ಲೇಸರ್ ಧೂಳೆಲ್ಲ ನೀರಲ್ಲಿ ಹೋಗ್ಬಿಡುತ್ತೆ. ಆಮೇಲೆ ಮನೇಲಿ ಚೂರು ಬಿದ್ರೆ ಹಿಡಿಯಕ್ಕೆ ಒಂದು ಹಳೇ ಟೀ ಸೋಸೋ ಜಾಲರಿ ಬಚ್ಚಲಲ್ಲಿ ಇಟ್ಕೊಳಿ, ಬಂದಿದ್ದನ್ನ ಒಣಗ್ಸಿ ಡಬ್ಬೀಲಿ ಹಾಕಿ ಸ್ಟೆಂಟ್ ತೆಗೆಸೋ ದಿನ ತನ್ನಿ.